ಪ್ರದರ್ಶನ ಮುಗಿದ ಮೇಲೆ ಊರಿಗೆ ಏನು ಉಳಿಯುತ್ತದೆ?

ಕಲಾ ಕ್ಯುರೇಟರ್‌ಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ನಿರೀಕ್ಷೆಗಿಂತ ಜಾಸ್ತಿ ಬಂದವು. ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಪ್ರದರ್ಶನ ಕಟ್ಟುವವರಿಗೂ ಜನರ ಬದುಕಿಗೂ, ಅದೂ ನಾಳೆಗೂ ಉಳಿಯಬೇಕಾದ ಬದುಕಿಗೂ, ಏನು ಸಂಬಂಧ ಎಂಬುದೇ ಆ ವಿಷಯ. ಹೆಸರು ಹಾಕಬೇಡಿ ಎಂದವರೇ ಹೆಚ್ಚಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಚಿತ್ರಕಲೆ ಓದುತ್ತಿದ್ದೇನೆ. ಕ್ಯುರೇಟರ್ ಎಂದರೆ ಕೃತಿಗಳನ್ನು ಆರಿಸಿ, ಯಾವುದರ ಪಕ್ಕ ಯಾವುದು ಇರಬೇಕು ಎಂದು ನೋಡಿ, ಗೋಡೆ ಮೇಲೆ ಒಂದು ಬರಹ ಅಂಟಿಸುವವರು ಎಂದುಕೊಂಡಿದ್ದೆ. ಈಗ ಪ್ರತಿ ಸೆಮಿನಾರಿನಲ್ಲೂ ‘ಸುಸ್ಥಿರ ಸಮುದಾಯ ಅಭಿವೃದ್ಧಿಯಲ್ಲಿ ಕ್ಯುರೇಟರ್ ಪಾತ್ರ’ ಎನ್ನುತ್ತಾರೆ. ಇದು ಬರೀ ದೊಡ್ಡ ಮಾತಾ?

ಉತ್ತರ: ದೊಡ್ಡ ಮಾತಾಗಿ ಬಳಸುವವರು ಇದ್ದಾರೆ, ನಿಜ. ಆದರೆ ಅದರ ಹಿಂದೆ ಕೆಲಸವೂ ಇದೆ. ಅದು ಇವತ್ತಿನದೂ ಅಲ್ಲ.

1967ರಲ್ಲಿ ವಾಷಿಂಗ್ಟನ್ ನಗರದ ಅನಕೋಸ್ಟಿಯಾದಲ್ಲಿ, ಅಮೆರಿಕದ ದೊಡ್ಡ ದೊಡ್ಡ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ ಒಂದು ಪುಟ್ಟ ಮ್ಯೂಸಿಯಂ ತೆರೆಯಿತು. ಅದು ಕಪ್ಪು ಜನರು ಹೆಚ್ಚಾಗಿದ್ದ, ಸೌಲಭ್ಯ ಕಡಿಮೆ ಇದ್ದ ಪ್ರದೇಶ. ಜಾಗವೂ ಹಳೇ ಸಿನಿಮಾ ಥಿಯೇಟರು. ಅದನ್ನು ನಡೆಸಲು ಬಂದ ಜಾನ್ ಕಿನಾರ್ಡ್ ಅವರಿಗೆ ಮ್ಯೂಸಿಯಂ ಅನುಭವವೇ ಇರಲಿಲ್ಲ. ಅಕ್ಕಪಕ್ಕದ ಜನರ ಜೊತೆ ಕೆಲಸ ಮಾಡಿ ಗೊತ್ತಿತ್ತು, ಅಷ್ಟೇ. ಅಲ್ಲಿಗೆ ಬರುತ್ತಿದ್ದ ಮಕ್ಕಳ ಮಾತಿನಲ್ಲಿ ಇಲಿಗಳ ಕಾಟ ಮತ್ತೆ ಮತ್ತೆ ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಪಾಪ ಎಂದು ಸುಮ್ಮನಾಗುತ್ತಿದ್ದರೇನೋ. ಈ ಮ್ಯೂಸಿಯಂ 1969ರಲ್ಲಿ ಇಲಿಯ ಬಗ್ಗೆಯೇ ಪ್ರದರ್ಶನ ಮಾಡಿತು. ಜೀವಂತ ಇಲಿಗಳನ್ನೇ ಇಟ್ಟರು. ಇಲಿ ಹೇಗೆ ಬದುಕುತ್ತದೆ, ಯಾವ ರೋಗ ತರುತ್ತದೆ, ಮನುಷ್ಯನೇ ಅದಕ್ಕೆ ಹೇಗೆ ಜಾಗ ಮಾಡಿಕೊಡುತ್ತಾನೆ, ತಡೆಯುವುದು ಹೇಗೆ ಎಂದೆಲ್ಲ ತೋರಿಸಿದರು.

ಅದು ಕಲಾ ಗ್ಯಾಲರಿ ಅಲ್ಲ, ಒಪ್ಪುತ್ತೇನೆ. ಆದರೆ ಅಲ್ಲಿ ನಡೆದದ್ದು ಪಕ್ಕಾ ಕ್ಯುರೇಟರ್ ಕೆಲಸ. ಯಾವ ವಿಷಯಕ್ಕೆ ಗೋಡೆ ಸಿಗಬೇಕು, ಯಾರ ಕಷ್ಟ ನೋಡಲು ಯೋಗ್ಯ ಎಂದು ತೀರ್ಮಾನಿಸುವುದು ಈ ಕೆಲಸದ ತಿರುಳು. ಮಕ್ಕಳ ಮಾತಿಗೆ ಒಂದು ಇಡೀ ಹಾಲ್ ಸಿಕ್ಕಿತು ಅಂದರೆ ಸಣ್ಣ ವಿಷಯ ಅಲ್ಲ, ಅಲ್ವಾ?

ಸಂಸ್ಥೆಗಳು ಇದನ್ನು ಕಾಗದದಲ್ಲಿ ಬರೆದುಕೊಳ್ಳಲು ತುಂಬಾ ತಡ ಮಾಡಿದವು. ವಿಶ್ವಸಂಸ್ಥೆ 2015ರಲ್ಲಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡಿತು. ಸಂಸ್ಕೃತಿಗೆ ಅಂತಲೇ ಒಂದು ಗುರಿ ಅದರಲ್ಲಿ ಇಲ್ಲ. ನಗರಗಳ ಕುರಿತ 11ನೇ ಗುರಿಯ ಒಳಗೆ, ಪರಂಪರೆಯನ್ನು ಕಾಪಾಡಬೇಕು ಎಂಬ ಒಂದು ಸಾಲು ಬರುತ್ತದೆ. ಮ್ಯೂಸಿಯಂಗಳ ಅಂತರರಾಷ್ಟ್ರೀಯ ಮಂಡಳಿ ‘ಐಕಾಮ್’ 2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಸೇರಿ ಮ್ಯೂಸಿಯಂಗೆ ಹೊಸ ವ್ಯಾಖ್ಯೆ ಒಪ್ಪಿತು. ಸುಸ್ಥಿರತೆ, ಸಮುದಾಯಗಳ ಭಾಗವಹಿಸುವಿಕೆ ಎರಡೂ ಅದರಲ್ಲಿ ಸೇರಿವೆ. ಇಲಿ ಪ್ರದರ್ಶನ ಆಗಿ ಐವತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ!

ಪ್ರಶ್ನೆ: ನಿವೃತ್ತ ಶಾಲಾ ಮೇಷ್ಟ್ರು ನಾನು. ನಮ್ಮ ಹಳ್ಳಿಯ ಯುವಕರೆಲ್ಲ ಹೊರಗೆ ಹೋಗಿದ್ದಾರೆ. ನಾನು ಪಾಠ ಮಾಡಿದ ಶಾಲೆ ಮುಚ್ಚಿದೆ. ಕಲಾ ಉತ್ಸವ ಮಾಡಿದರೆ ಇಂಥ ಊರಿಗೆ ಮತ್ತೆ ಜೀವ ಬರುತ್ತದೆ ಎಂದು ಒಬ್ಬರು ಹೇಳಿದರು. ನಂಬಬಹುದೇ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಪೂರ್ತಿ ನಂಬಿ ಎಂದೂ ಹೇಳಲಾರೆ, ನಂಬಲೇಬೇಡಿ ಎಂದೂ ಹೇಳಲಾರೆ. ಜಪಾನಿನಲ್ಲಿ ಏನಾಯಿತು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಆಮೇಲೆ ನೀವೇ ತೂಗಿ ನೋಡಿ.

ನೀಗಾತಾ ಪ್ರಾಂತ್ಯದಲ್ಲಿ ಎಚಿಗೊ-ತ್ಸುಮಾರಿ ಎಂಬ ಗುಡ್ಡಗಾಡು ಪ್ರದೇಶ ಇದೆ. ಸುಮಾರು 760 ಚದರ ಕಿಲೋಮೀಟರ್ ವಿಸ್ತಾರ. ಚಳಿಗಾಲದಲ್ಲಿ ವಿಪರೀತ ಹಿಮ. ಗುಡ್ಡ ಕೊರೆದು ಮಾಡಿದ ಮೆಟ್ಟಿಲು ಗದ್ದೆಗಳು. ವಯಸ್ಸಾದವರೇ ಜಾಸ್ತಿ, ಖಾಲಿ ಮನೆಗಳೂ ಜಾಸ್ತಿ. 1990ರ ದಶಕದಲ್ಲಿ ಕ್ಯುರೇಟರ್ ಫ್ರಾಮ್ ಕಿತಾಗಾವಾ ಇಲ್ಲಿ ಮೂರು ವರ್ಷಕ್ಕೊಮ್ಮೆ ಕಲಾ ಉತ್ಸವ ಮಾಡೋಣ ಎಂದಾಗ ಸ್ಥಳೀಯ ಆಡಳಿತದವರು ಬೇಡ ಎಂದರು. ಜನರೂ ಬೇಡ ಎಂದರು. ಇದರಿಂದ ನಮಗೇನು ಲಾಭ ಎಂದರು, ಅದು ನ್ಯಾಯವಾದ ಪ್ರಶ್ನೆಯೇ. ಆ ಮನುಷ್ಯ ವರ್ಷಗಟ್ಟಲೆ ಹಳ್ಳಿ ಹಳ್ಳಿಗೆ ಹೋಗಿ ಸಭೆ ಮಾಡಿದರು. ಮೊದಲ ಉತ್ಸವ ನಡೆದದ್ದು 2000ದಲ್ಲಿ.

ಅವರ ಒಂದು ತೀರ್ಮಾನ ನನಗೆ ಬಹಳ ಹಿಡಿಸಿತು. ಕೃತಿಗಳನ್ನೆಲ್ಲ ಒಂದು ಪಾರ್ಕಿನಲ್ಲಿ ಗುಡ್ಡೆ ಹಾಕಲಿಲ್ಲ. ಹಳ್ಳಿಗಳಲ್ಲಿ ಚೆದುರಿಸಿದರು. ನೋಡಲು ಬಂದವರು ಒಂದೊಂದು ಕೃತಿಗೂ ಗದ್ದೆ ದಾಟಿ, ಊರು ದಾಟಿ, ಯಾರದೋ ಮನೆ ಮುಂದೆ ದಾರಿ ಕೇಳಿಕೊಂಡು ಹೋಗಬೇಕು. ಹಾಗೆ ಹೋಗುವಾಗ ಊರೇ ಪ್ರದರ್ಶನದ ಭಾಗವಾಗುತ್ತದೆ. ದಾರಿ ಹೇಳುವ ಅಜ್ಜಿಯೂ ಆಗುತ್ತಾಳೆ. ಇಲ್ಯಾ ಮತ್ತು ಎಮಿಲಿಯಾ ಕಬಕೋವ್ ದಂಪತಿ ಗದ್ದೆಗಳ ನಡುವೆ ಉಳುವ, ನಾಟಿ ಮಾಡುವ ರೈತರ ಬಣ್ಣದ ಆಕೃತಿಗಳನ್ನು ನಿಲ್ಲಿಸಿದರು. ಆ ಗದ್ದೆಯ ಯಜಮಾನರು ಮೊದಲು ಒಪ್ಪಿರಲಿಲ್ಲ. ಕಲಾವಿದರು ಬೇಸಾಯದ ದುಡಿಮೆಯನ್ನು ಎಷ್ಟು ಗೌರವದಿಂದ ನೋಡಿದ್ದಾರೆ ಎಂದು ತಿಳಿದ ಮೇಲೆ ಒಪ್ಪಿದರು.

2004ರ ಅಕ್ಟೋಬರ್‌ನಲ್ಲಿ ಆ ಪ್ರದೇಶದಲ್ಲಿ ದೊಡ್ಡ ಭೂಕಂಪ ಆಯಿತು. ಮುಂದಿನ ಉತ್ಸವಕ್ಕೆ ಇನ್ನೂ ಸಮಯ ಇತ್ತು. ಆದರೂ ಉತ್ಸವದ ಸ್ವಯಂಸೇವಕರು ಬಂದು ಮನೆಗಳನ್ನು ಚೊಕ್ಕ ಮಾಡಲು, ದುರಸ್ತಿ ಮಾಡಲು ಕೈ ಹಾಕಿದರು. ಬಿಟ್ಟುಹೋದ ಮನೆಗಳನ್ನು ಕಲಾಕೃತಿಗಳಾಗಿ, ಊಟದ ಮನೆಗಳಾಗಿ, ತಂಗುವ ಜಾಗಗಳಾಗಿ ಮಾಡುವ ಕೆಲಸ ಅದರ ನಂತರ ಜೋರಾಯಿತು. ಮುಚ್ಚಿದ ಒಂದು ಪ್ರಾಥಮಿಕ ಶಾಲೆ 2009ರಲ್ಲಿ ಚಿತ್ರಪುಸ್ತಕಗಳ ಮ್ಯೂಸಿಯಂ ಆಯಿತು. ಆ ಶಾಲೆಯ ಕೊನೆಯ ಮಕ್ಕಳನ್ನೇ ಪಾತ್ರಗಳಾಗಿ ಮಾಡಿ, ಕಲಾವಿದ ಸೇಯ್ಜೊ ತಾಶಿಮಾ ಇಡೀ ಕಟ್ಟಡವನ್ನು ಒಂದು ಕತೆಯಂತೆ ಕಟ್ಟಿದರು. ನಿಮ್ಮ ಶಾಲೆ ನೆನಪಾಗಿ ಇದನ್ನು ಬರೆದೆ.

ಗದ್ದೆಗಳ ಕತೆಯೂ ಕೇಳಿ. ಉಳುವವರಿಲ್ಲದ ಮೆಟ್ಟಿಲು ಗದ್ದೆಗಳಿಗೆ ಹೊರಗಿನವರು ಹಣ ಕೊಟ್ಟು ಪಾಲುದಾರರಾಗುವ ಏರ್ಪಾಟು ಮಾಡಿದರು. ಬೆಳೆದ ಅಕ್ಕಿಯಲ್ಲಿ ಅವರಿಗೂ ಪಾಲು. 2015ರಲ್ಲಿ ಮಹಿಳೆಯರ ಫುಟ್ಬಾಲ್ ತಂಡವನ್ನೇ ಕಟ್ಟಿದರು. ಆಟಗಾರ್ತಿಯರು ಅಲ್ಲೇ ಇದ್ದು ಆ ಗದ್ದೆಗಳಲ್ಲಿ ಕೆಲಸ ಮಾಡುತ್ತಾರೆ, ಆಟವೂ ಆಡುತ್ತಾರೆ. ಕಲಾ ಉತ್ಸವಕ್ಕೂ ಫುಟ್ಬಾಲ್‌ಗೂ ಏನು ಸಂಬಂಧ ಎಂದು ಕೇಳಬಹುದು. ಊರಿಗೆ ಬೇಕಾಗಿದ್ದು ಗದ್ದೆಗೆ ಇಳಿಯುವ ಕೈಗಳು. ಅದನ್ನು ಗಮನಿಸಿದ್ದೇ ದೊಡ್ಡದು.

ಇನ್ನು ಕಹಿ ಮಾತು. ಇಷ್ಟೆಲ್ಲ ಆದರೂ ಅಲ್ಲಿ ಜನಸಂಖ್ಯೆ ಇಳಿಯುವುದು ನಿಂತಿಲ್ಲ. ಉತ್ಸವ ಆ ಕುಸಿತವನ್ನು ತಿರುಗಿಸಲಿಲ್ಲ. ಉಳಿದವರ ದಿನಗಳಿಗೆ ಓಡಾಟ ತಂದಿತು, ಹೊರಗಿನವರ ಜೊತೆ ನಂಟು ತಂದಿತು, ಸ್ವಲ್ಪ ಆದಾಯವನ್ನೂ ತಂದಿತು. ಕೆಲವು ಕಡೆ ಅದಕ್ಕಿಂತ ಹೆಚ್ಚೂ ಆಗಿದೆ. ಸೆಟೊ ಒಳಸಮುದ್ರದ ದ್ವೀಪಗಳಲ್ಲಿ 2010ರಿಂದ ಇದೇ ಕಿತಾಗಾವಾ ಮುಂದಾಳತ್ವದಲ್ಲಿ ಇಂಥದೇ ಉತ್ಸವ ನಡೆಯುತ್ತಿದೆ. ಅಲ್ಲಿನ ಓಗಿಜಿಮಾ ಎಂಬ ಪುಟ್ಟ ದ್ವೀಪಕ್ಕೆ ಕೆಲವು ಕುಟುಂಬಗಳು ವಾಪಸ್ ಬರಲು ಮನಸ್ಸು ಮಾಡಿ, ಮಕ್ಕಳಿಗೆ ಶಾಲೆ ಬೇಕು ಎಂದು ಕೇಳಿದವು. ಮುಚ್ಚಿದ್ದ ಶಾಲೆ 2014ರಲ್ಲಿ ಮತ್ತೆ ತೆರೆಯಿತು. ಮಕ್ಕಳು ಬೆರಳೆಣಿಕೆಯಷ್ಟು, ಆದರೆ ಗಂಟೆ ಹೊಡೆಯಿತು.

ಹಾಗಾಗಿ ನಿಮಗೆ ಉತ್ಸವದ ಆಸೆ ತೋರಿಸಿದವರನ್ನು ಒಂದು ಮಾತು ಕೇಳಿ: ಎಷ್ಟು ವರ್ಷ ಇರುತ್ತೀರಿ? ಒಂದು ಸಲ ಮಾಡಿ ಹೋಗುವುದಾದರೆ ಬೇಡ ಎಂದೇ ಹೇಳಿ.

ಪ್ರಶ್ನೆ: ನಮ್ಮ ಬಡಾವಣೆಗೆ ಒಂದು ತಂಡ ಬಂದು ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆದು ಹೋಯಿತು. ಚೆನ್ನಾಗೇ ಇದೆ. ಆದರೆ ನಮ್ಮನ್ನು ಯಾರೂ ಕೇಳಲಿಲ್ಲ. ಫೋಟೋ ತೆಗೆಯಲು ಬರುವವರಿಂದ ಬಾಗಿಲು ತೆಗೆಯಲೂ ಆಗುತ್ತಿಲ್ಲ. ನನಗೆ ಸಿಟ್ಟು ಬರುತ್ತದೆ. ಕಲೆ ಗೊತ್ತಿಲ್ಲದವಳು ಎಂದು ಬೈಯುತ್ತಾರೆ.

ಉತ್ತರ: ನಿಮ್ಮ ಸಿಟ್ಟು ಸರಿಯಾಗಿಯೇ ಇದೆ. ಚಿತ್ರ ಚೆನ್ನಾಗಿರುವುದು ಬೇರೆ, ಕೇಳಿ ಬರೆಯುವುದು ಬೇರೆ.

ನ್ಯೂಯಾರ್ಕಿನಲ್ಲಿ 1981ರಲ್ಲಿ ಒಂದು ಸರ್ಕಾರಿ ಕಚೇರಿಯ ಅಂಗಳಕ್ಕೆ ರಿಚರ್ಡ್ ಸೆರ್ರಾ ಎಂಬ ಶಿಲ್ಪಿ ಉಕ್ಕಿನ ಒಂದು ಬಾಗಿದ ಗೋಡೆ ಮಾಡಿ ನಿಲ್ಲಿಸಿದರು. 120 ಅಡಿ ಉದ್ದ, 12 ಅಡಿ ಎತ್ತರ. ಸೆರ್ರಾ ಬಹಳ ದೊಡ್ಡ ಕಲಾವಿದರು, ಅದರಲ್ಲಿ ಅನುಮಾನ ಇಲ್ಲ. ಆದರೆ ದಿನಾ ಆ ಅಂಗಳ ದಾಟಿ ಕೆಲಸಕ್ಕೆ ಹೋಗುವವರಿಗೆ, ಮಧ್ಯಾಹ್ನ ಅಲ್ಲಿ ಕೂತು ಗಾಳಿ ತೆಗೆದುಕೊಳ್ಳುತ್ತಿದ್ದವರಿಗೆ, ಅದು ದಾರಿ ಮುಚ್ಚುವ ಗೋಡೆಯಾಗಿ ಕಂಡಿತು. 1985ರಲ್ಲಿ ವಿಚಾರಣೆ ನಡೆಯಿತು. ಇರಲಿ ಎಂದು 122 ಜನ ಮಾತಾಡಿದರು, ತೆಗೆಯಿರಿ ಎಂದವರು 58. ಇರಲಿ ಎಂದವರಲ್ಲಿ ಕಲಾ ಲೋಕದವರು ತುಂಬಾ ಇದ್ದರು. ಸಮಿತಿ ತೆಗೆಯಬೇಕು ಎಂದಿತು, 1989ರಲ್ಲಿ ಅದನ್ನು ತುಂಡು ಮಾಡಿ ಸಾಗಿಸಿದರು.

ಈ ಕತೆಯಲ್ಲಿ ಯಾರೂ ಗೆಲ್ಲಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕಲಾವಿದರು ಕೃತಿ ಕಳೆದುಕೊಂಡರು. ಕಚೇರಿಯವರು ಎಂಟು ವರ್ಷ ಜಗಳದಲ್ಲೇ ಕಳೆದರು. ವಿಚಾರಣೆಯಲ್ಲಿ ಕೇಳಿಸಿದ ಮಾತುಗಳು ಕೃತಿ ಬರುವ ಮೊದಲೇ ಯಾರದಾದರೂ ಕಿವಿಗೆ ಬಿದ್ದಿದ್ದರೆ ಏನಾಗುತ್ತಿತ್ತು? ಆ ಕಿವಿ ಆಗಬೇಕಾದವರೇ ಕ್ಯುರೇಟರ್.

ಫ್ರಾನ್ಸಿನಲ್ಲಿ ಇದನ್ನು ಪೂರ್ತಿ ತಿರುಗಿಸಿ ನೋಡಿದರು. ಫ್ರಾಂಸ್ವಾ ಎರ್ಸ್ ಎಂಬ ಕಲಾವಿದ 1990ರಲ್ಲಿ ಒಂದು ಪದ್ಧತಿ ಬರೆದರು. ಹೊಸ ಪೋಷಕರು ಎಂಬ ಅರ್ಥದ ಹೆಸರು ಅದಕ್ಕೆ. ಕೃತಿ ಬೇಕು ಎಂದು ಕೇಳುವವರು ಜನರೇ. ಒಂದು ಆಸ್ಪತ್ರೆಯ ಸಿಬ್ಬಂದಿ ಇರಬಹುದು, ಒಂದು ಹಳ್ಳಿಯ ಹತ್ತು ಜನ ಇರಬಹುದು, ಯಾರು ಬೇಕಾದರೂ. ಅವರ ಜೊತೆ ಒಬ್ಬ ಮಧ್ಯವರ್ತಿ ಕೂರುತ್ತಾರೆ, ಹೆಚ್ಚಾಗಿ ಕ್ಯುರೇಟರ್ ತರಬೇತಿ ಇರುವವರು. ನಿಮಗೆ ಏನು ಬೇಕು, ಯಾಕೆ ಬೇಕು ಎಂದು ಮಾತಾಡಿ ಮಾತಾಡಿ ಸ್ಪಷ್ಟ ಮಾಡಿಕೊಳ್ಳುತ್ತಾರೆ. ಆಮೇಲೆ ಅದಕ್ಕೆ ಹೊಂದುವ ಕಲಾವಿದರನ್ನು ಹುಡುಕುತ್ತಾರೆ. ಇದಕ್ಕೆ ತುಂಬಾ ಸಮಯ ಹಿಡಿಯುತ್ತದೆ. ಹಾಗಿದ್ದರೂ ಯುರೋಪಿನಲ್ಲಿ ನೂರಾರು ಕೃತಿಗಳು ಹೀಗೆ ಆಗಿವೆ.

ನೀವು ಈಗ ಮಾಡಬಹುದಾದದ್ದು ಇಷ್ಟು. ಆ ತಂಡಕ್ಕೆ ಬರೆಯಿರಿ, ಒಬ್ಬರೇ ಅಲ್ಲ, ನಾಲ್ಕಾರು ಮನೆಯವರು ಸೇರಿ ಬರೆಯಿರಿ. ಬಣ್ಣ ಸಿಪ್ಪೆ ಎದ್ದರೆ ಸರಿ ಮಾಡುವವರು ಯಾರು, ನೋಡುವವರು ಯಾವ ಹೊತ್ತಿಗೆ ಬರಬೇಕು, ಈ ಗೋಡೆಯ ಫೋಟೋ ಯಾರಾದರೂ ಜಾಹೀರಾತಿಗೆ ಬಳಸಿದರೆ ಆ ಹಣ ಯಾರಿಗೆ, ಮುಂದಿನ ಚಿತ್ರಕ್ಕೆ ಯಾರ ಒಪ್ಪಿಗೆ ಬೇಕು ಎಂದು ಕೇಳಿ. ಒಳ್ಳೆಯ ತಂಡವಾದರೆ ಕೂತು ಮಾತಾಡುತ್ತದೆ.

ಪ್ರಶ್ನೆ: ಕಲಾವಿದರು ಬಂದ ಕಡೆ ಬಾಡಿಗೆ ಏರುತ್ತದೆ, ಬಡವರು ಜಾಗ ಖಾಲಿ ಮಾಡಬೇಕಾಗುತ್ತದೆ. ಇದನ್ನು ಅಭಿವೃದ್ಧಿ ಎನ್ನುವುದು ಹೇಗೆ?

ಉತ್ತರ: ಹಾಗೆ ಆದಾಗ ಅದನ್ನು ಅಭಿವೃದ್ಧಿ ಎನ್ನಬಾರದು. ಈ ಭಯ ಸುಳ್ಳಲ್ಲ. ಸ್ಪೇನಿನ ಬಿಲ್ಬಾವೊದಲ್ಲಿ 1997ರಲ್ಲಿ ಗುಗೆನ್‌ಹೈಮ್ ಮ್ಯೂಸಿಯಂ ಬಂದ ಮೇಲೆ, ಒಂದು ಭಾರಿ ಕಟ್ಟಡ ಕಟ್ಟಿದರೆ ನಗರ ಉದ್ಧಾರ ಆಗುತ್ತದೆ ಎಂಬ ನಂಬಿಕೆ ಜಗತ್ತಿಗೆಲ್ಲ ಹಬ್ಬಿತು. ಆ ನಗರದಲ್ಲಿ ಅದರ ಜೊತೆಗೇ ಮೆಟ್ರೋ, ನದಿ ಶುದ್ಧಿ, ಬಂದರಿನ ಜಾಗದ ಮರುಬಳಕೆ ಎಲ್ಲ ನಡೆದಿತ್ತು ಎಂಬುದನ್ನು ನಕಲು ಮಾಡಿದವರು ಮರೆತರು.

ಬೇರೆ ದಾರಿಯೂ ಇದೆ. ಹ್ಯೂಸ್ಟನ್ ನಗರದಲ್ಲಿ ರಿಕ್ ಲೋ ಎಂಬ ಕಲಾವಿದ ಸಮಾಜದ ಕಷ್ಟಗಳ ಬಗ್ಗೆ ಚಿತ್ರ ಮಾಡುತ್ತಿದ್ದರು. ಅವರ ಸ್ಟುಡಿಯೋಗೆ ಬಂದ ಒಬ್ಬ ವಿದ್ಯಾರ್ಥಿ, ಕಷ್ಟ ಏನು ಅಂತ ನಮಗೆ ಗೊತ್ತಿದೆ, ನೀವು ಕಲಾವಿದರಾದರೆ ಪರಿಹಾರ ಯಾಕೆ ಹುಡುಕಬಾರದು ಎಂದು ಕೇಳಿದನಂತೆ. 1993ರಲ್ಲಿ ಅವರು ಇನ್ನೂ ಕೆಲವು ಕಲಾವಿದರ ಜೊತೆ ಸೇರಿ, ಥರ್ಡ್ ವಾರ್ಡ್ ಎಂಬ ಕಪ್ಪು ಜನರ ಪ್ರದೇಶದಲ್ಲಿ, ಬಿದ್ದುಹೋಗುತ್ತಿದ್ದ ಸಾಲುಮನೆಗಳನ್ನು ಉಳಿಸಲು ಹೊರಟರು. 22 ಪುಟ್ಟ ಮನೆಗಳು. ಕೆಲವು ಮನೆಗಳಲ್ಲಿ ಕಲಾ ಪ್ರದರ್ಶನ. ಕೆಲವನ್ನು ಒಂಟಿ ತಾಯಂದಿರಿಗೆ ಕೊಟ್ಟರು, ಮಗುವನ್ನು ನೋಡಿಕೊಂಡು ಓದು ಮುಗಿಸಿ ತಮ್ಮ ಕಾಲ ಮೇಲೆ ನಿಲ್ಲಲಿ ಎಂದು. ಮುಂದೆ ಇದರಿಂದಲೇ ಹುಟ್ಟಿದ ಇನ್ನೊಂದು ಸಂಸ್ಥೆ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟತೊಡಗಿತು. ಸುತ್ತಲಿನ ಜಾಗದ ಬೆಲೆ ಏರುವುದನ್ನು ಅವರಿಂದಲೂ ಪೂರ್ತಿ ತಡೆಯಲು ಆಗಿಲ್ಲ. ಆದರೆ ತಮ್ಮ ಕೈಯಲ್ಲಿರುವ ಮನೆಗಳ ಬಾಡಿಗೆ ಎಷ್ಟು ಎಂದು ಹೇಳುವವರು ಅವರೇ.

ಲಿವರ್‌ಪೂಲಿನ ಗ್ರ್ಯಾನ್‌ಬಿಯ ನಾಲ್ಕು ಬೀದಿಗಳದೂ ಇಂಥದೇ ಕತೆ. ಬಹಳಷ್ಟು ಮನೆಗಳಿಗೆ ಹಲಗೆ ಬಡಿದು ಮುಚ್ಚಿದ್ದರು, ಕೆಡವಲು ಕಾಯುತ್ತಿದ್ದರು. ಉಳಿದ ಜನರೇ, ಅದರಲ್ಲೂ ಹೆಂಗಸರು ಮುಂದೆ ನಿಂತು, ಬೀದಿ ಗುಡಿಸಿ, ಗಿಡ ನೆಟ್ಟು, ಮುಚ್ಚಿದ ಕಿಟಕಿಗಳಿಗೆ ಬಣ್ಣ ಬಳಿದು, ತಿಂಗಳ ಸಂತೆ ಶುರು ಮಾಡಿ, 2011ರಲ್ಲಿ ಸಮುದಾಯದ ಭೂಮಿ ಟ್ರಸ್ಟ್, ಅಂದರೆ ಜಾಗವನ್ನು ಅಲ್ಲಿನ ಜನರ ಪರವಾಗಿ ಇಟ್ಟುಕೊಳ್ಳುವ ಸಂಸ್ಥೆ, ಮಾಡಿಕೊಂಡರು. ಅಸೆಂಬಲ್ ಎಂಬ ವಿನ್ಯಾಸಕರ ಗುಂಪು ಆಮೇಲೆ ಜೊತೆಯಾಯಿತು. 2015ರಲ್ಲಿ ಬ್ರಿಟನ್ನಿನ ದೊಡ್ಡ ಕಲಾ ಪ್ರಶಸ್ತಿ ಟರ್ನರ್ ಪ್ರೈಜ್ ಈ ಗುಂಪಿಗೆ ಬಂತು. ಪತ್ರಿಕೆಗಳು ಗುಂಪಿನ ಬಗ್ಗೆ ಬರೆದವು. ನನ್ನ ಮಟ್ಟಿಗೆ ಈ ಕತೆಯ ಮುಖ್ಯ ಭಾಗ ಆ ಟ್ರಸ್ಟು. ಜಾಗದ ಕಾಗದ ಯಾರ ಹೆಸರಲ್ಲಿದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ. ಊರಿನ ಹೊಣೆ ಹೊತ್ತು ಹೊರಡುವ ಕ್ಯುರೇಟರ್ ಬಣ್ಣ, ಬೆಳಕಿನಷ್ಟೇ ಗಮನ ಕೊಟ್ಟು ಬಾಡಿಗೆ ಕರಾರನ್ನೂ ಓದಬೇಕು.

ಪ್ರಶ್ನೆ: ನಾನು ಒಂದು ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತೇನೆ. ಪರಿಸರದ ಬಗ್ಗೆ ಪ್ರದರ್ಶನ ಮಾಡಿ, ಅದಕ್ಕೇ ಲಾರಿಗಟ್ಟಲೆ ಪ್ಲೈವುಡ್ ಎಸೆಯುತ್ತೇವೆ. ಎಸಿ ಇಪ್ಪತ್ನಾಲ್ಕು ಗಂಟೆ. ಏನಾದರೂ ದಾರಿ ಇದೆಯಾ?

ಉತ್ತರ: ಇದೆ, ಒಂದಲ್ಲ ಹಲವು. ಎಸಿಯಿಂದಲೇ ಶುರು ಮಾಡಿ. ಕೃತಿಗಳು ಹಾಳಾಗಬಾರದು ಎಂದು ತಾಪಮಾನವನ್ನು ಒಂದೆರಡು ಡಿಗ್ರಿಯೂ ಅಲ್ಲಾಡದಂತೆ ಹಿಡಿಯುವುದು ಹಳೇ ರೂಢಿ. ದೊಡ್ಡ ಮ್ಯೂಸಿಯಂಗಳ ಮುಖ್ಯಸ್ಥರ ಬಿಜೋ ಗುಂಪು ಇದನ್ನು ಸಡಿಲಿಸಿದೆ. ಹೆಚ್ಚಿನ ವಸ್ತುಗಳಿಗೆ 16ರಿಂದ 25 ಡಿಗ್ರಿ, ತೇವಾಂಶ ಶೇ 40ರಿಂದ 60ರ ಒಳಗೆ ಇದ್ದರೆ ಸಾಕು, ದಿನದಲ್ಲಿ ದಿಢೀರ್ ಏರಿಳಿತ ಆಗಬಾರದು ಎನ್ನುತ್ತದೆ ಅವರ ಮಾರ್ಗಸೂಚಿ. ತುಂಬಾ ಸೂಕ್ಷ್ಮ ವಸ್ತುಗಳಿಗೆ ಬೇರೆ ಲೆಕ್ಕ, ಅದನ್ನು ಸಂರಕ್ಷಣೆಯವರನ್ನು ಕೇಳಿಯೇ ಮಾಡಿ. ಸಾಲ ತರುವ ಕೃತಿಗಳ ಕರಾರಿನಲ್ಲಿ ಹಳೇ ಅಂಕಿ ಇದ್ದರೆ ಬದಲಿಸಲು ಕೇಳಬಹುದು. ಕೇಳುವ ಕೆಲಸ ಕ್ಯುರೇಟರ್‌ದೇ.

ಗೋಡೆಗಳ ವಿಷಯ: ಹಿಂದಿನ ಪ್ರದರ್ಶನದ ಗೋಡೆಗಳನ್ನು ಇಟ್ಟುಕೊಂಡೇ ಮುಂದಿನದನ್ನು ಯೋಚಿಸಿ. ಮೊಳೆ ಬದಲು ಸ್ಕ್ರೂ ಹಾಕಿಸಿದರೆ ಬಿಚ್ಚಿ ಮತ್ತೆ ಕಟ್ಟಬಹುದು. ಉಳಿದದ್ದನ್ನು ಹತ್ತಿರದ ಶಾಲೆಗೋ ನಾಟಕ ತಂಡಕ್ಕೋ ಕೊಡುವುದನ್ನು ಮೊದಲೇ ಮಾತಾಡಿಕೊಳ್ಳಿ, ಕೊನೇ ದಿನ ಯೋಚಿಸಿದರೆ ಲಾರಿ ಬಂದು ನಿಂತಿರುತ್ತದೆ. ಸಾಗಣೆಯಲ್ಲಿ ವಿಮಾನಕ್ಕಿಂತ ಹಡಗಿನ ಮಾಲಿನ್ಯ ಎಷ್ಟೋ ಪಾಲು ಕಡಿಮೆ, ಆದರೆ ತಿಂಗಳುಗಳ ಮುಂಚೆ ಯೋಜನೆ ಬೇಕು. 2020ರಲ್ಲಿ ಲಂಡನ್ನಿನಲ್ಲಿ ಶುರುವಾದ ಗ್ಯಾಲರಿ ಕ್ಲೈಮೇಟ್ ಕೊಯಲಿಷನ್ ಎಂಬ ಒಕ್ಕೂಟದ ಸದಸ್ಯರು 2030ರ ಒಳಗೆ ತಮ್ಮ ಮಾಲಿನ್ಯವನ್ನು ಕನಿಷ್ಠ ಅರ್ಧಕ್ಕೆ ಇಳಿಸಬೇಕು ಎಂಬ ಗುರಿ ಇಟ್ಟುಕೊಂಡಿದ್ದಾರೆ. ಅವರ ಲೆಕ್ಕ ಹಾಕುವ ಸಾಧನವನ್ನು ಯಾರು ಬೇಕಾದರೂ ಬಳಸಬಹುದು.

ಪ್ರಶ್ನೆ: ಸಮುದಾಯದ ಕೆಲಸ ಅಲ್ವಾ, ಹಣ ಯಾಕೆ ಎನ್ನುತ್ತಾರೆ. ಕಲಾವಿದೆಯಾಗಿ ನಾನು ಏನು ಹೇಳಲಿ?

ಉತ್ತರ: ಬೇಕು ಎಂದೇ ಹೇಳಿ. ಮುದ್ರಕರಿಗೆ, ಲಾರಿಯವರಿಗೆ, ಲೈಟಿನವರಿಗೆ ಕೊಡುವ ಸಂಸ್ಥೆ ಕಲಾವಿದೆಗೂ ಕೊಡಬೇಕು. ನ್ಯೂಯಾರ್ಕಿನಲ್ಲಿ 2008ರಲ್ಲಿ ಹುಟ್ಟಿದ ವೇಜ್ ಎಂಬ ಕಲಾವಿದರ ಸಂಘಟನೆ ಇದನ್ನೇ ಕೇಳುತ್ತಾ ಬಂದಿದೆ. ಕನಿಷ್ಠ ಸಂಭಾವನೆ ಕೊಡುವ ಸಂಸ್ಥೆಗಳಿಗೆ ಅದು ಪ್ರಮಾಣಪತ್ರ ಕೊಡುತ್ತದೆ. ಇನ್ನೊಂದು ಮಾತು ಸೇರಿಸುತ್ತೇನೆ. ಕತೆ ಹೇಳಿದ ಅಜ್ಜ, ಹಾಡಿದ ಹೆಂಗಸು, ಮೂರು ದಿನ ದಾರಿ ತೋರಿಸಿದ ಹುಡುಗ, ಇವರಿಗೂ ಬಜೆಟ್ಟಿನಲ್ಲಿ ಸಾಲು ಇರಬೇಕು.

ಪ್ರಶ್ನೆ: ಹಣ ಕೊಡುವವರು ಅಂಕಿ ಕೇಳುತ್ತಾರೆ. ಎಷ್ಟು ಜನ ಬಂದರು, ಎಷ್ಟು ಫೋಟೋ, ಎಷ್ಟು ವರ್ಕ್‌ಶಾಪ್. ನಾವು ಎರಡು ವರ್ಷ ಮಾಡಿದ ಕೆಲಸ ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಹೇಗೆ ತೋರಿಸುವುದು?

ಉತ್ತರ: ಅಂಕಿ ಕೊಡಿ, ಬೇಡ ಎನ್ನಬೇಡಿ. ಜೊತೆಗೆ ಅವರು ಕೇಳದ್ದನ್ನೂ ಬರೆಯಿರಿ.

ಜೋಸೆಫ್ ಬಾಯ್ಸ್ ಎಂಬ ಕಲಾವಿದ 1982ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನಕ್ಕೆ 7,000 ಕಪ್ಪು ಕಲ್ಲಿನ ಕಂಬಗಳನ್ನು ತಂದು ಮ್ಯೂಸಿಯಂ ಮುಂದೆ ಸುರಿಸಿದರು. ಒಂದು ಮರ ನೆಟ್ಟರೆ ಮಾತ್ರ ಒಂದು ಕಲ್ಲು ಅಲ್ಲಿಂದ ಎದ್ದು ಆ ಮರದ ಪಕ್ಕಕ್ಕೆ ಹೋಗುತ್ತದೆ. ರಾಶಿ ಕರಗುವುದೇ ಲೆಕ್ಕ, ಯಾರು ಬೇಕಾದರೂ ನೋಡಬಹುದಾದ ಲೆಕ್ಕ. ಪ್ರದರ್ಶನ ನೂರು ದಿನಕ್ಕೆ ಮುಗಿಯಿತು, ಮರ ನೆಡುವುದು ಐದು ವರ್ಷ ನಡೆಯಿತು. 1986ರಲ್ಲಿ ಬಾಯ್ಸ್ ತೀರಿಕೊಂಡರು. ಕೊನೆಯ ಮರವನ್ನು 1987ರಲ್ಲಿ ಅವರ ಮಗ ನೆಟ್ಟರು. ಆ ಮರಗಳಿಗೆ ಈಗಲೂ ಆರೈಕೆ ಬೇಕು, ಸತ್ತ ಕಡೆ ಹೊಸದು ನೆಡಬೇಕು, ರಸ್ತೆ ಅಗಲ ಮಾಡುವಾಗ ಯಾರಾದರೂ ಅಡ್ಡ ನಿಲ್ಲಬೇಕು. ಉದ್ಘಾಟನೆಗೆ ಎಷ್ಟು ಜನ ಬಂದರು ಎಂಬ ಅಂಕಿ ಇದನ್ನೆಲ್ಲ ಹೇಳುವುದಿಲ್ಲ.

ಅಮೆರಿಕದ ಸೇಂಟ್ ಪಾಲ್ ನಗರದ ಕಸದ ಗುಂಡಿಯಲ್ಲಿ ಮೆಲ್ ಚಿನ್ ಎಂಬ ಕಲಾವಿದ 1991ರಲ್ಲಿ ರೂಫಸ್ ಚೇನಿ ಎಂಬ ಮಣ್ಣಿನ ವಿಜ್ಞಾನಿಯ ಜೊತೆ ಸೇರಿ ಮಣ್ಣಿಗೆ ಸೇರಿದ ಕ್ಯಾಡ್ಮಿಯಂ, ಸತುವಿನಂಥ ಲೋಹಗಳನ್ನು ಹೀರಿ ತೆಗೆಯುವ ಗಿಡಗಳನ್ನು ಬೆಳೆಸಿದರು. ಇದು ಕಲೆಯೇ ಎಂದು ಹಣ ಕೊಡಬೇಕಿದ್ದವರು ಅನುದಾನವನ್ನು ಮೊದಲು ತಡೆದಿದ್ದರು, ಮಾತುಕತೆಯ ನಂತರ ಕೊಟ್ಟರು. ಆ ಕೃತಿಯ ಫಲ ಏನು ಎಂದರೆ ಎಲೆಯೊಳಗಿನ ಲೋಹದ ಪ್ರಮಾಣ! ಒಂದೊಂದು ಕೆಲಸಕ್ಕೂ ಅದರದೇ ಅಳತೆ ಇರುತ್ತದೆ. ಯಾವುದು ಎಂದು ಶುರುವಿನಲ್ಲೇ ಜನರ ಜೊತೆ ಕೂತು ಬರೆದಿಟ್ಟುಕೊಳ್ಳಿ. ನೀವು ಹೋದ ಮೇಲೆ ಅಲ್ಲಿನವರೇ ಏನಾದರೂ ನಡೆಸಿದರೇ? ಬೀಗದ ಕೀ ಯಾರ ಹತ್ತಿರ ಇದೆ? ಯಾರಿಗೆ ಕೆಲಸ ಸಿಕ್ಕಿತು, ಒಂದು ವರ್ಷ ಆದ ಮೇಲೂ ಇದೆಯಾ? ಇವುಗಳಿಗೆ ಉತ್ತರ ಬರೆದು ವರದಿಗೆ ಲಗತ್ತಿಸಿ. ಓದುವ ಅಧಿಕಾರಿಗಳೂ ಇದ್ದಾರೆ.

ಪ್ರಶ್ನೆ: ತೀರ್ಮಾನ ಎಲ್ಲವನ್ನೂ ಜನರಿಗೇ ಬಿಟ್ಟರೆ ಕ್ಯುರೇಟರ್ ಯಾಕೆ ಬೇಕು?

ಉತ್ತರ: ಹೊಣೆ ಹೊರಲು ಬೇಕು. 2022ರ ಡಾಕ್ಯುಮೆಂಟಾವನ್ನು ಇಂಡೋನೇಷ್ಯಾದ ರುವಾಂಗ್ರುಪಾ ಎಂಬ ಕಲಾವಿದರ ಗುಂಪು ನಡೆಸಿತು. ಊರಿನವರೆಲ್ಲ ಸೇರಿ ತುಂಬುವ ಕಣಜ ಅವರ ಮಾದರಿ. ಹಣ, ಸ್ಥಳ, ತೀರ್ಮಾನ ಎಲ್ಲವನ್ನೂ ಹಂಚಿಕೊಂಡರು. ಈ ಹಂಚುವಿಕೆಯಿಂದ ಕಲಿಯುವುದು ಬಹಳ ಇದೆ. ಆದರೆ ಉದ್ಘಾಟನೆಯ ಹೊತ್ತಿಗೇ ಒಂದು ದೊಡ್ಡ ಬ್ಯಾನರಿನಲ್ಲಿ ಯಹೂದಿಗಳನ್ನು ಹೀಗಳೆಯುವ ಚಿತ್ರಗಳು ಕಂಡವು. ಅದನ್ನು ಮೊದಲು ಮುಚ್ಚಿದರು, ಆಮೇಲೆ ಇಳಿಸಿದರು. ಸಂಸ್ಥೆಯ ಮುಖ್ಯಸ್ಥರು ಹುದ್ದೆ ಬಿಟ್ಟರು. ಎಲ್ಲರೂ ಸೇರಿ ತೀರ್ಮಾನಿಸುವ ಕಡೆ ಕೂಡ, ಇದನ್ನು ನಾನು ನೋಡಿದ್ದೇನೆ, ತಪ್ಪಾದರೆ ನನ್ನನ್ನು ಕೇಳಿ ಎನ್ನುವ ಒಬ್ಬರು ಇರಲೇಬೇಕು.

ಪ್ರಶ್ನೆ: ನಮ್ಮ ಬೀದಿಯ ಬಗ್ಗೆ ನಾನೇ ಒಂದು ಪ್ರದರ್ಶನ ಮಾಡಬೇಕು ಅಂತಿದ್ದೇನೆ. ಡಿಗ್ರಿ ಇಲ್ಲ, ಹಣ ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೆಲದ ಮೇಲೆ ಒಂದು ನಕ್ಷೆ ಬರೆದು ಶುರು ಮಾಡಿ. ಇದು ನನ್ನ ಐಡಿಯಾ ಅಲ್ಲ. ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಪ್ರದೇಶವನ್ನು 1966ರಲ್ಲಿ ಅಲ್ಲಿನ ವರ್ಣಭೇದ ಸರ್ಕಾರ ಬಿಳಿಯರಿಗೆ ಮಾತ್ರ ಎಂದು ಸಾರಿತು. ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ಮನೆಗಳನ್ನು ಕೆಡವಿತು. 1994ರಲ್ಲಿ ಒಂದು ಹಳೇ ಚರ್ಚಿನಲ್ಲಿ ಅದರ ನೆನಪಿನ ಮ್ಯೂಸಿಯಂ ತೆರೆಯಿತು. ನೆಲದ ತುಂಬ ಹಳೇ ಬೀದಿಗಳ ನಕ್ಷೆ ಹಾಸಿದರು. ಅಲ್ಲಿ ಬಾಳಿದ್ದವರು ಬಂದು, ಬಗ್ಗಿ, ನಮ್ಮ ಮನೆ ಇಲ್ಲಿತ್ತು ಎಂದು ಹೆಸರು ಬರೆದರು. ಮನೆ ಕೆಡವುವ ಕೆಲಸದಲ್ಲಿದ್ದ ಒಬ್ಬ ವ್ಯಕ್ತಿ ಎಸೆಯದೆ ಬಚ್ಚಿಟ್ಟಿದ್ದ ಬೀದಿ ಫಲಕಗಳು ಅಲ್ಲಿ ತೂಗಿದವು. ಉದ್ದನೆಯ ಬಟ್ಟೆಯ ಮೇಲೆ ಜನ ಬರೆದದ್ದನ್ನು ಕಸೂತಿ ಮಾಡಿ ಉಳಿಸಿದರು. ಕಳೆದುಕೊಂಡ ಭೂಮಿಯನ್ನು ವಾಪಸ್ ಕೇಳುವವರಿಗೂ ಆ ಜಾಗ ನೆಲೆಯಾಯಿತು.

ನಿಮಗೆ ಬೇಕಾದದ್ದು ದೊಡ್ಡ ಬಟ್ಟೆ, ಪೆನ್ನು, ನಾಲ್ಕು ಜನ ಕೂರುವ ಜಾಗ. ಮೊದಲ ತಿಂಗಳು ಏನನ್ನೂ ಪ್ರದರ್ಶಿಸಬೇಡಿ, ಕೇಳಿಸಿಕೊಳ್ಳಿ. ಬೀದಿಯಲ್ಲಿ ಹೆಚ್ಚು ಮಾತಾಡುವವರ ಹತ್ತಿರ ಮಾತ್ರ ಹೋಗಬೇಡಿ, ಬಾಡಿಗೆಗೆ ಇರುವವರು, ಕಸ ಒಯ್ಯುವವರು, ರಾತ್ರಿ ಪಾಳಿಯವರು ಎಲ್ಲರನ್ನೂ ಕೇಳಿ. ಯಾರಾದರೂ ಫೋಟೋ ಅಥವಾ ಪತ್ರ ಕೊಟ್ಟರೆ ಅಲ್ಲೇ ಮೊಬೈಲಿನಲ್ಲಿ ಪ್ರತಿ ತೆಗೆದು ಮೂಲವನ್ನು ಅವರಿಗೇ ವಾಪಸ್ ಕೊಡಿ. ತೋರಿಸಲು ಒಪ್ಪಿಗೆ ಇದೆಯಾ, ಹೆಸರು ಹಾಕಬಹುದಾ ಎಂದು ಕೇಳಿ ಬರೆದುಕೊಳ್ಳಿ. ಬೇಡ ಎಂದರೆ ಬೇಡ. ಗೋಡೆ ಬರಹ ಸಿದ್ಧವಾದ ಮೇಲೆ ಬೀದಿಯವರ ಮುಂದೆ ಜೋರಾಗಿ ಓದಿ, ಅವರು ತಿದ್ದಲಿ. ಪ್ರದರ್ಶನ ಮುಗಿದ ಮೇಲೆ ವಸ್ತುಗಳು ಯಾರ ಮನೆಯಲ್ಲಿ ಇರುತ್ತವೆ ಎಂಬುದನ್ನೂ ಆ ಸಭೆಯಲ್ಲೇ ತೀರ್ಮಾನ ಮಾಡಿಕೊಳ್ಳಿ. ಡಿಗ್ರಿ ಆಮೇಲೆ ಬೇಕೆನಿಸಿದರೆ ಮಾಡಿದರಾಯಿತು. ಕೆಲಸ ಶುರುವಾದ ಮೇಲೆ ನಮಗೆ ಬರೆಯಿರಿ, ಯಾವ ಹಂತದಲ್ಲಿ ಸಿಕ್ಕಿಕೊಂಡರೂ ಈ ಅಂಕಣದಲ್ಲೇ ಮಾತಾಡೋಣ.